ಇಬ್ಬರು ವಿಜಯರು

ಕ್ರಿಕೆಟ್ಟಿನ ಹುಚ್ಚುಳ್ಳ ನಾಲ್ಕು ಮಂದಿ ಒಂದೆಡೆ ಕಲೆತರೆಂದರೆ, ಹಳೆಯ ಆಟಗಾರರನ್ನು ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ಆರಂಭವಾಯಿತೆಂದೇ ತಿಳಿಯಬೇಕು. ಇವನು ಮೇಲೋ, ಅವನು ಮೇಲೋ ಎಂಬ ವಾದ, ಲೋಟದಲ್ಲಿನ ಕಾಫಿ ಆರಿದರೂ ಆರುವುದಿಲ್ಲ. ಕೊನೆಗೆ ಯಾರಾದರೊಬ್ಬರು ಅಂಕಿ ಅಂಶಗಳ ಪುಸ್ತಕವನ್ನು ತೆರೆದು, ಇಬ್ಬರ ಸರಾಸರಿಯನ್ನೂ ಗಟ್ಟಿಯಾಗಿ ಓದಿ, ವಾದಕ್ಕೆ ಮಂಗಳ ಹಾಡುತ್ತಾರೆ. ಆದರೆ ಭಾರತದ ಕ್ರಿಕೆಟ್ ಚರಿತ್ರೆಯಲ್ಲಿ, ಆ ಪುಸ್ತಕವೂ ತೀರ್ಪು ನೀಡಲಾರದೆ ಕೈಚೆಲ್ಲುವ ಜೋಡಿಯೊಂದಿದೆ. ಇಬ್ಬರ ಹೆಸರೂ ವಿಜಯ. ಒಬ್ಬರು ವಿಜಯ ಮರ್ಚೆಂಟ್; ಇನ್ನೊಬ್ಬರು ವಿಜಯ ಹಜಾರೆ.

ಟೆಸ್ಟ್ ಪಂದ್ಯಗಳಲ್ಲಿ ಮರ್ಚೆಂಟರ ಸರಾಸರಿ 47.72, ಹಜಾರೆಯವರದು 47.65. ಅಂತರವೆಂದರೆ ಒಂದು ರನ್ನಿನ ನೂರು ಪಾಲಿನಲ್ಲಿ ಏಳು ಪಾಲು ಮಾತ್ರ! ಅಕ್ಕಸಾಲಿಗನ ತ್ರಾಸಿನಲ್ಲಿಯೂ ಮುಳ್ಳು ಅಲುಗುವುದು ಕಷ್ಟ. ಆದರೆ ಈ ಎರಡು ಅಂಕಿಗಳು ಹುಟ್ಟಿಬಂದ ದಾರಿಗಳನ್ನು ಹಿಡಿದು ಹಿಂದಕ್ಕೆ ನಡೆದರೆ, ಇಬ್ಬರು ಆಟಗಾರರ ಬಾಳುಗಳು ಎಷ್ಟು ಬೇರೆ ಬೇರೆಯಾಗಿದ್ದುವೆಂಬುದು ಕಣ್ಣಿಗೆ ಕಟ್ಟುತ್ತದೆ.

ಮರ್ಚೆಂಟರು ಆಡಿದ ಟೆಸ್ಟ್ ಪಂದ್ಯಗಳು ಕೇವಲ 10. ಗಳಿಸಿದ ರನ್ನು 859. ಹಜಾರೆಯವರು 30 ಟೆಸ್ಟ್‌ಗಳಲ್ಲಿ 2,192 ರನ್ನು ಸೇರಿಸಿದರು. ಪ್ರಥಮ ದರ್ಜೆಯ ಪಂದ್ಯಗಳೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಬದಲಾಗುತ್ತದೆ. ಮರ್ಚೆಂಟರ ಸರಾಸರಿ 71.64, ದೀರ್ಘಕಾಲ ಆಡಿದ ದಾಂಡಿಗರಲ್ಲಿ ಡಾನ್ ಬ್ರಾಡ್ಮನ್ ಒಬ್ಬರನ್ನುಳಿದು ಅವರಿಗಿಂತ ಮುಂದೆ ಇರುವವರಿಲ್ಲ. ಹಜಾರೆಯವರ ಸರಾಸರಿ 58.38. ಆದರೆ ಅವರ ರನ್ನುಗಳ ರಾಶಿ ದೊಡ್ಡದು, 18,740, ಶತಕಗಳು 60. ಸಾಲದೆಂಬಂತೆ ಬೌಲರ್ ಆಗಿ ಪಡೆದ ವಿಕೆಟ್ಟುಗಳು 595. ಮರ್ಚೆಂಟರ ಭಕ್ತರು ಒಂದು ಪುಟವನ್ನು ತೋರಿಸಿದರೆ, ಹಜಾರೆಯವರ ಭಕ್ತರು ಇನ್ನೊಂದು ಪುಟವನ್ನು ತೋರಿಸಬಲ್ಲರು.

ಎರಡು ಮನೆ, ಎರಡು ಬಗೆ

ವಿಜಯ ಮರ್ಚೆಂಟ್ 1911ರ ಅಕ್ಟೋಬರ್ 12ರಂದು ಮುಂಬಯಿಯ ಶ್ರೀಮಂತ ಗಿರಣಿ ಮಾಲೀಕರ ಕುಟುಂಬದಲ್ಲಿ ಜನಿಸಿದರು. ಮನೆತನದ ಹೆಸರು ಠಾಕರ್ಸೀ. ಶಾಲೆಯಲ್ಲಿ ತಂದೆಯ ಕಸುಬೇನೆಂದು ಕೇಳಿದಾಗ ಬಾಲಕ ಕೊಟ್ಟ ಉತ್ತರವೇ ಹೆಸರಾಗಿ ಅಂಟಿಕೊಂಡು ‘ಮರ್ಚೆಂಟ್’ ಆಯಿತೆಂದು ಪ್ರತೀತಿ. ಆಟವೂ ವರ್ತಕರ ಲೆಕ್ಕಪುಸ್ತಕದಂತೆ ಅಚ್ಚುಕಟ್ಟು. ಆರಂಭಿಕ ದಾಂಡಿಗನಾಗಿ ಕಣಕ್ಕಿಳಿದು, ಚೆಂಡಿನ ಹೊಳಪು ಮಾಸುವವರೆಗೆ ತಾಳ್ಮೆಯಿಂದ ಕಾದು, ಅನಂತರ ಒಂದೊಂದೇ ಹೊಡೆತವನ್ನು ಹೊರತೆಗೆಯುವುದು ಅವರ ಕ್ರಮ. ಚೆಂಡು ತನ್ನನ್ನು ದಾಟಿಹೋಯಿತೆನ್ನುವಷ್ಟರಲ್ಲಿ ದಾಂಡನ್ನು ಮೃದುವಾಗಿ ತಾಗಿಸಿ ಅದನ್ನು ಹಿಂಬದಿಗೆ ಜಾರಿಸುತ್ತಿದ್ದ ‘ಲೇಟ್ ಕಟ್’ ಅವರ ಕೈಯಲ್ಲಿ ಒಂದು ಕಲೆಯೇ ಆಗಿದ್ದಿತು.

ವಿಜಯ ಹಜಾರೆ 1915ರ ಮಾರ್ಚ್ 11ರಂದು ಸಾಂಗಲಿಯಲ್ಲಿ, ಮರಾಠಿ ಮಾತನಾಡುವ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ತಂದೆ ಶಾಲಾ ಉಪಾಧ್ಯಾಯರು. ಮನೆ ತುಂಬ ಮಕ್ಕಳು. ಜತ್ತ ಸಂಸ್ಥಾನದ ಅರಸರ ಆಶ್ರಯದಲ್ಲಿ, ಆಸ್ಟ್ರೇಲಿಯದ ಹೆಸರಾಂತ ಸ್ಪಿನ್ ಬೌಲರ್ ಕ್ಲಾರಿ ಗ್ರಿಮೆಟ್ ಅವರಿಂದ ಪಾಠ ಹೇಳಿಸಿಕೊಳ್ಳುವ ಭಾಗ್ಯ ಅವರದಾಯಿತು. ಎರಡು ಪ್ಯಾಡುಗಳ ನಡುವೆ ದಾಂಡನ್ನು ಇರುಕಿಸಿದಂತೆ ಹಿಡಿದು ನಿಲ್ಲುವ ಹಜಾರೆಯವರ ಭಂಗಿ ನೋಡಲು ಸೊಗಸಾಗಿರಲಿಲ್ಲ. ಗ್ರಿಮೆಟ್ ಮಾತ್ರ ಅದನ್ನು ಬದಲಿಸಕೂಡದೆಂದು ಬುದ್ಧಿ ಹೇಳಿದರು. ಶಿಷ್ಯ ಆ ಮಾತನ್ನು ಕೊನೆಯವರೆಗೂ ಪಾಲಿಸಿದ. ಮಿತಭಾಷಿ, ಸಂಕೋಚದ ಸ್ವಭಾವ. ಆದರೆ ಒಮ್ಮೆ ಕ್ರೀಸಿನಲ್ಲಿ ಬೇರು ಬಿಟ್ಟರೆ ಕದಲಿಸುವುದು ದುಸ್ಸಾಧ್ಯ.

ಸೇರಿಗೆ ಸವ್ವಾಸೇರು

ಇಬ್ಬರೂ ಮುಖಾಮುಖಿಯಾಗಿ ನಿಂತ ಋತು 1943–44. ಎರಡನೆಯ ಮಹಾಯುದ್ಧದ ದಿನಗಳು. 1936ರಿಂದ 1946ರವರೆಗೆ ಭಾರತ ಒಂದೂ ಟೆಸ್ಟ್ ಪಂದ್ಯವನ್ನು ಆಡಲಿಲ್ಲ. ಹೀಗಾಗಿ ಮುಂಬಯಿಯ ‘ಪೆಂಟಾಂಗ್ಯುಲರ್’ ಪಂದ್ಯಾವಳಿಯೇ ಅಂದಿನ ದೊಡ್ಡ ಜಾತ್ರೆ. ಅದರಲ್ಲಿ ಐದು ತಂಡಗಳು: ಯೂರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು, ಇವರಾರಿಗೂ ಸೇರದ ಕ್ರೈಸ್ತರು, ಯಹೂದ್ಯರು ಮುಂತಾದವರಿಗೆ ‘ದಿ ರೆಸ್ಟ್’, ಎಂದರೆ ‘ಉಳಿದವರು’ ಎಂಬ ತಂಡ. ಮರ್ಚೆಂಟರು ಹಿಂದೂಗಳ ಪರ. ಹಜಾರೆಯವರು ಉಳಿದವರ ಪರ.

ಪಂದ್ಯಾವಳಿಯ ಅತ್ಯಧಿಕ ಮೊತ್ತ ಅಲ್ಲಿಯವರೆಗೆ ಮರ್ಚೆಂಟರ ಹೆಸರಿನಲ್ಲಿದ್ದ 243. ಹಜಾರೆಯವರು ಮುಸ್ಲಿಮರ ವಿರುದ್ಧ 248 ರನ್ನು ಹೊಡೆದು ಅದನ್ನು ಅಳಿಸಿದರು. ಕೊನೆಯ ಪಂದ್ಯದಲ್ಲಿ ಇಬ್ಬರೂ ಎದುರೆದುರಾದರು. ಮರ್ಚೆಂಟರು ಔಟಾಗದೆ 250 ರನ್ನು ಗಳಿಸಿ ದಾಖಲೆಯನ್ನು ಹಿಂದಕ್ಕೆ ಪಡೆದರು. ಹಿಂದೂ ತಂಡ 5 ವಿಕೆಟ್ಟಿಗೆ 581 ರನ್ನು ಮಾಡಿ ಆಟ ಬಿಟ್ಟುಕೊಟ್ಟಿತು. ಉಳಿದವರ ತಂಡ 133 ರನ್ನಿಗೆ ಉರುಳಿ, ಫಾಲೋ ಆನ್ ಪಡೆದು ಮತ್ತೆ ಆಡಬೇಕಾಯಿತು.

ಆಗ ನಡೆದುದು ಇಂದಿಗೂ ಕಥೆಯಂತೆ ತೋರುವ ಸಂಗತಿ. ಒಂದು ಕಡೆ ವಿಕೆಟ್ಟುಗಳು ಬೀಳುತ್ತಿದ್ದಂತೆ ತಮ್ಮ ವಿವೇಕ ಹಜಾರೆ ಬಂದು ಅಣ್ಣನನ್ನು ಕೂಡಿಕೊಂಡರು. ಇಬ್ಬರೂ ಸೇರಿ 300 ರನ್ನು ಕೂಡಿಸಿದರು. ಅದರಲ್ಲಿ ತಮ್ಮನ ಪಾಲು ಎಷ್ಟೆಂದೀರಿ? 21! ತಂಡದ ಒಟ್ಟು ಮೊತ್ತ 387. ಅದರಲ್ಲಿ ವಿಜಯ ಹಜಾರೆಯವರೊಬ್ಬರದೇ 309. ಆದರೂ ತಂಡ ಒಂದು ಇನ್ನಿಂಗ್ಸ್ ಮತ್ತು 61 ರನ್ನುಗಳಿಂದ ಸೋತಿತು. ಮರ್ಚೆಂಟರೂ ಸುಮ್ಮನಿರಲಿಲ್ಲ. ಅದೇ ಋತುವಿನಲ್ಲಿ ರಣಜಿ ಪಂದ್ಯದಲ್ಲಿ ಮಹಾರಾಷ್ಟ್ರದ ವಿರುದ್ಧ ಔಟಾಗದೆ 359 ರನ್ನು ಗಳಿಸಿದರು. ಸೇರಿಗೆ ಸವ್ವಾಸೇರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ವಿರಳ.

ಈ ಸ್ಪರ್ಧೆಯ ಸೊಬಗಿನ ಹಿಂದೆ ಒಂದು ಕಪ್ಪು ನೆರಳೂ ಇದ್ದಿತು. ಜನರನ್ನು ಮತದಿಂದ ವಿಂಗಡಿಸಿ ಆಡಿಸುತ್ತಿದ್ದ ಪಂದ್ಯಾವಳಿ ಅದು. ಇಂಥದು ನಿಲ್ಲಬೇಕೆಂದು ಗಾಂಧೀಜಿ 1940ರಲ್ಲಿಯೇ ಹೇಳಿದ್ದರು. 1946ರಲ್ಲಿ ಅದು ನಿಂತೂಹೋಯಿತು. ಒಂದೇ ದೇಶದ ಇಬ್ಬರು ಶ್ರೇಷ್ಠ ದಾಂಡಿಗರಲ್ಲಿ ಒಬ್ಬರು ‘ಹಿಂದೂ’ ಎಂದೂ ಇನ್ನೊಬ್ಬರು ‘ಉಳಿದವರು’ ಎಂದೂ ಹಣೆಪಟ್ಟಿ ಕಟ್ಟಿಕೊಂಡು ಪರಸ್ಪರ ದಾಖಲೆ ಮುರಿಯಬೇಕಾದ ಕಾಲ. ಆ ರನ್ನುಗಳ ಎತ್ತರವನ್ನು ಅಳೆಯುವಾಗ ಅವು ಬೆಳೆದ ನೆಲವನ್ನೂ ಮರೆಯುವಂತಿಲ್ಲ.

ಯುದ್ಧ ನುಂಗಿದ ವರ್ಷಗಳು

ಮರ್ಚೆಂಟರು ಮನೆಯಂಗಳದ ಹುಲಿ ಮಾತ್ರವೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. 1936ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವರು 114, ಮುಷ್ತಾಕ್ ಅಲಿ 112 ರನ್ನು ಹೊಡೆದು ಮೊದಲ ವಿಕೆಟ್ಟಿಗೆ 203 ರನ್ನು ಸೇರಿಸಿದರು. 1946ರಲ್ಲಿ ಇಂಗ್ಲೆಂಡಿನ ಬೇಸಗೆ ಮಳೆಯಲ್ಲಿ ತೊಯ್ದಿದ್ದಿತು. ಪಿಚ್ಚುಗಳಿಗೆ ಹೊದಿಕೆಯಿಲ್ಲದ ಕಾಲ. ಅಂಥ ಒದ್ದೆ ನೆಲದಲ್ಲಿ ಆ ಪ್ರವಾಸದಲ್ಲಿ ಅವರು ಗಳಿಸಿದ್ದು 2,385 ರನ್ನು, ಸರಾಸರಿ 74.53. ಓವಲ್ ಟೆಸ್ಟಿನಲ್ಲಿ 128.

ಆದರೆ ವಿಧಿ ಅವರ ವಿಷಯದಲ್ಲಿ ಜಿಪುಣತನ ತೋರಿತು. 1933ರ ಮೊದಲ ಟೆಸ್ಟಿನಿಂದ 1951ರ ಕೊನೆಯ ಟೆಸ್ಟಿನವರೆಗೆ ಹದಿನೆಂಟು ವರ್ಷ. ಪಂದ್ಯಗಳು ಹತ್ತೇ, ಎಲ್ಲವೂ ಇಂಗ್ಲೆಂಡಿನ ವಿರುದ್ಧ. ದಾಂಡಿಗನೊಬ್ಬನ ಮೈಯೂ ಮನಸ್ಸೂ ಒಟ್ಟಿಗೆ ಪಕ್ವವಾಗಿರುವ ಇಪ್ಪತ್ತೈದರಿಂದ ಮೂವತ್ತನಾಲ್ಕರ ವಯಸ್ಸನ್ನು ಯುದ್ಧ ನುಂಗಿಹಾಕಿತು. 1947–48ರ ಆಸ್ಟ್ರೇಲಿಯ ಪ್ರವಾಸಕ್ಕೆ ಅನಾರೋಗ್ಯದಿಂದಾಗಿ ಅವರು ಹೋಗಲಾಗಲಿಲ್ಲ. ಬ್ರಾಡ್ಮನ್ನರ ಮಗ್ಗುಲಲ್ಲೇ ಸರಾಸರಿಯ ಪಟ್ಟಿಯಲ್ಲಿ ನಿಂತವರು, ಬ್ರಾಡ್ಮನ್ನರ ತಂಡದೆದುರು ಟೆಸ್ಟಿನಲ್ಲಿ ದಾಂಡು ಹಿಡಿಯಲೇ ಇಲ್ಲ.

ಅಡಿಲೇಡಿನ ಒಂಟಿ ಹೋರಾಟ

ಮರ್ಚೆಂಟರಿಗೆ ದೊರೆಯದ ಆ ಪರೀಕ್ಷೆ ಹಜಾರೆಯವರ ಪಾಲಿಗೆ ಬಂದಿತು. 1948ರ ಜನವರಿಯಲ್ಲಿ ಅಡಿಲೇಡಿನಲ್ಲಿ ಆಸ್ಟ್ರೇಲಿಯ 674 ರನ್ನುಗಳ ಬೆಟ್ಟವನ್ನು ಕಟ್ಟಿತು, ಬ್ರಾಡ್ಮನ್ನರದೇ 201. ಎದುರಿಗೆ ರೇ ಲಿಂಡ್ವಾಲ್, ಕೀತ್ ಮಿಲ್ಲರ್ ಎಂಬ ಬಿರುಗಾಳಿಗಳು. ಭಾರತ 133ಕ್ಕೆ 5 ವಿಕೆಟ್ಟು ಕಳೆದುಕೊಂಡಾಗ ಹಜಾರೆಯವರು ದತ್ತು ಫಡ್ಕರ್ ಅವರೊಡನೆ ನಿಂತು 188 ರನ್ನು ಕೂಡಿಸಿದರು. ಹಜಾರೆ 116, ಫಡ್ಕರ್ 123. ಫಾಲೋ ಆನ್ ತಪ್ಪಲಿಲ್ಲ. ಎರಡನೆಯ ಸಲ ಮೊತ್ತ ಸೊನ್ನೆಯಲ್ಲಿರುವಾಗಲೇ ಎರಡು ವಿಕೆಟ್ಟುಗಳು ಹೋದವು. ಆರು ಮಂದಿ ಸೊನ್ನೆ ಸುತ್ತಿ ಹಿಂದಿರುಗಿದ ಆ ಇನ್ನಿಂಗ್ಸಿನಲ್ಲಿ ಹಜಾರೆಯವರೊಬ್ಬರೇ 145 ರನ್ನು ಹೊಡೆದರು. ಒಂದೇ ಟೆಸ್ಟಿನ ಎರಡು ಸರದಿಗಳಲ್ಲಿಯೂ ಶತಕ ಬಾರಿಸಿದ ಮೊದಲ ಭಾರತೀಯರಾದರು. ಪಂದ್ಯವನ್ನು ಮಾತ್ರ ಭಾರತ ಒಂದು ಇನ್ನಿಂಗ್ಸ್ ಮತ್ತು 16 ರನ್ನಿನಿಂದ ಸೋತಿತು.

1952ರಲ್ಲಿ ಲೀಡ್ಸಿನಲ್ಲಿಯೂ ಅದೇ ಕಥೆ. ಮೊದಲನೆಯ ಟೆಸ್ಟ್ ಆಡುತ್ತಿದ್ದ ತರುಣ ಫ್ರೆಡ್ ಟ್ರೂಮನ್ನರ ವೇಗಕ್ಕೆ ಸಿಕ್ಕಿ ಭಾರತದ ಎರಡನೆಯ ಇನ್ನಿಂಗ್ಸ್ ಹದಿನಾಲ್ಕು ಎಸೆತಗಳೊಳಗೆ ಸೊನ್ನೆಗೆ 4 ವಿಕೆಟ್ ಎಂಬ ದುರವಸ್ಥೆಗೆ ಇಳಿಯಿತು. ಮೊದಲ ಇನ್ನಿಂಗ್ಸಿನಲ್ಲಿ 89 ರನ್ನು ಗಳಿಸಿದ್ದ ನಾಯಕ ಹಜಾರೆ ಇಲ್ಲಿಯೂ 56 ರನ್ನು ಹೊಡೆದು ಮಾನ ಕಾಯ್ದರು. ಅವರ ಸರಾಸರಿಯಲ್ಲಿನ ಬಹಳಷ್ಟು ರನ್ನುಗಳು ಹೀಗೆ ಮುಳುಗುವ ಹಡಗಿನ ಮೇಲೆ ನಿಂತು ಗಳಿಸಿದವು.

ಇಬ್ಬರೂ ಒಂದೇ ಪಕ್ಷದಲ್ಲಿ

ಇನ್ನು ತೀರ್ಪಿನ ಮಾತು. ನಿರ್ದೋಷವಾದ ಕೌಶಲಕ್ಕೆ, ಒಂದು ಇನ್ನಿಂಗ್ಸಿಗೆ ಭದ್ರವಾದ ಅಡಿಪಾಯ ಹಾಕುವುದಕ್ಕೆ ಮರ್ಚೆಂಟರನ್ನೇ ಆರಿಸಬೇಕು. ಅಡಿಪಾಯ ಕುಸಿದ ಮೇಲೆ, ಉಳಿದುದನ್ನು ಎತ್ತಿ ನಿಲ್ಲಿಸುವುದಕ್ಕೆ ಹಜಾರೆಯವರಿಗೆ ಸಮಾನರಾದವರು ಅಂದಿನ ಭಾರತದಲ್ಲಿ ಇರಲಿಲ್ಲ. ಒಬ್ಬರ ಅಂಕಿಯಲ್ಲಿ ಸಿಕ್ಕದೆಹೋದ ಅವಕಾಶಗಳ ನೋವು ಅಡಗಿದೆ. ಇನ್ನೊಬ್ಬರ ಅಂಕಿಯಲ್ಲಿ ಹೆಗಲಿಗೆ ಬಿದ್ದ ಹೊರೆಯ ಭಾರ ಅಡಗಿದೆ. ಎರಡೂ 47ರ ಮೇಲೆಯೇ ಬಂದು ನಿಂತದ್ದು ಲೆಕ್ಕದ ಆಕಸ್ಮಿಕ.

ಈ ಇಬ್ಬರ ಹೋಲಿಕೆಗೆ ತಕ್ಕ ಮುಕ್ತಾಯವನ್ನು ಚರಿತ್ರೆಯೇ ಬರೆದಿಟ್ಟಿದೆ. 1951ರ ನವೆಂಬರಿನಲ್ಲಿ ದಿಲ್ಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಇಂಗ್ಲೆಂಡಿನ ವಿರುದ್ಧ ಟೆಸ್ಟ್. ಭಾರತಕ್ಕೆ ಹಜಾರೆಯವರೇ ನಾಯಕರು. ನಾಲ್ವತ್ತು ತುಂಬಿದ ಮರ್ಚೆಂಟರು ಅವರ ಕೈಕೆಳಗೆ ಆಡಿದರು. ಮೂರನೆಯ ವಿಕೆಟ್ಟಿಗೆ ಇಬ್ಬರೂ ಸೇರಿ 211 ರನ್ನು ಕೂಡಿಸಿದರು. ಮರ್ಚೆಂಟರು 154 ರನ್ನು ಗಳಿಸಿ, ಅಡಿಲೇಡಿನಲ್ಲಿ ಹಜಾರೆಯವರು ನಿಲ್ಲಿಸಿದ್ದ 145ರ ಭಾರತೀಯ ದಾಖಲೆಯನ್ನು ದಾಟಿದರು. ಅದೇ ಇನ್ನಿಂಗ್ಸಿನಲ್ಲಿ ಹಜಾರೆಯವರು ಔಟಾಗದೆ 164 ರನ್ನು ಹೊಡೆದು ಅದನ್ನೂ ದಾಟಿದರು! ಹಳೆಯ ಸ್ಪರ್ಧೆ ಹಾಗೆಯೇ ಇದ್ದಿತು. ಹಣೆಪಟ್ಟಿಗಳು ಮಾತ್ರ ಮಾಯವಾಗಿದ್ದುವು. ಈಗ ಒಬ್ಬರು ಇನ್ನೊಬ್ಬರನ್ನು ಮೀರಿಸಿದರೆ ಲಾಭವೆಲ್ಲ ಒಂದೇ ತಂಡಕ್ಕೆ, ಒಂದೇ ದೇಶಕ್ಕೆ.

ಅದೇ ಪಂದ್ಯದಲ್ಲಿ ಕ್ಷೇತ್ರರಕ್ಷಣೆ ಮಾಡುವಾಗ ಭುಜಕ್ಕೆ ಬಿದ್ದ ಪೆಟ್ಟಿನಿಂದಾಗಿ ಮರ್ಚೆಂಟರ ಟೆಸ್ಟ್ ಬಾಳು ಅಲ್ಲಿಗೇ ಮುಗಿಯಿತು. ಮೂರು ತಿಂಗಳ ಮೇಲೆ, 1952ರ ಫೆಬ್ರವರಿಯಲ್ಲಿ, ಮದರಾಸಿನಲ್ಲಿ ಹಜಾರೆಯವರ ನಾಯಕತ್ವದಲ್ಲಿ ಭಾರತ ತನ್ನ ಮೊದಲ ಟೆಸ್ಟ್ ವಿಜಯವನ್ನು ಕಂಡಿತು. ಮರ್ಚೆಂಟರು 1987ರಲ್ಲಿ, ಹಜಾರೆಯವರು 2004ರಲ್ಲಿ ತೀರಿಕೊಂಡರು.

ಇಬ್ಬರ ಹೆಸರೂ ಇಂದು ದೇಶದ ಪಂದ್ಯಾವಳಿಗಳಲ್ಲಿ ಉಳಿದಿದೆ. ಹದಿನಾರರೊಳಗಿನ ಹುಡುಗರು ವಿಜಯ್ ಮರ್ಚೆಂಟ್ ಟ್ರೋಫಿಗಾಗಿ ಆಡುತ್ತಾರೆ. ಪ್ರೌಢ ಆಟಗಾರರು ಒಂದು ದಿನದ ಪಂದ್ಯಗಳ ವಿಜಯ್ ಹಜಾರೆ ಟ್ರೋಫಿಗಾಗಿ ಸೆಣಸುತ್ತಾರೆ. 2025ರ ಜನವರಿಯಲ್ಲಿ ಕರ್ನಾಟಕ ತಂಡ ಹಜಾರೆ ಟ್ರೋಫಿಯನ್ನು ಐದನೆಯ ಬಾರಿ ಗೆದ್ದದ್ದು, ಹಜಾರೆಯವರು ಬಾಳಿ ಕಣ್ಮುಚ್ಚಿದ ವಡೋದರದಲ್ಲಿಯೇ. ಎಳೆಯನಾಗಿದ್ದಾಗ ಮರ್ಚೆಂಟರ ಹೆಸರಿನಲ್ಲಿ ದಾಂಡು ಹಿಡಿದವನೇ ಬೆಳೆದು ಹಜಾರೆಯವರ ಹೆಸರಿನಲ್ಲಿ ಆಡುತ್ತಾನೆ. ಮೊದಲು ಅಡಿಪಾಯ ಹಾಕಲು ಕಲಿಯಬೇಕು; ಆಮೇಲೆ ಕುಸಿದುದನ್ನು ನಿಲ್ಲಿಸಲು ಕಲಿಯಬೇಕು. ಇಬ್ಬರು ವಿಜಯರಲ್ಲಿ ಯಾರು ಮೇಲೆಂದು ವಾದಿಸುವವರು ವಾದಿಸುತ್ತಲೇ ಇರಲಿ. ಆಡಲು ಹೊರಟ ಹುಡುಗನಿಗೆ ಇಬ್ಬರೂ ಬೇಕು.