ಗಳಗ್ರಂಥಿಯೂ ಗರ್ಭಸ್ರಾವವೂ

ಗರ್ಭನಾಶಕ್ಕೆ ಆಯುರ್ವೇದವು ಎರಡು ಹೆಸರುಗಳನ್ನಿಟ್ಟಿದೆ. ನಾಲ್ಕನೆಯ ತಿಂಗಳವರೆಗೆ ಆದುದು ಸ್ರಾವ. ಶರೀರವು ಗಟ್ಟಿಗೊಂಡ ಐದಾರನೆಯ ತಿಂಗಳುಗಳಲ್ಲಿ ಆದುದು ಪಾತ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಈ ವಿಭಾಗವಿದೆ. ಅದೇ ಸ್ಥಾನದಲ್ಲಿ ಮೂರು ಅಧ್ಯಾಯಗಳ ಮುಂದೆ ವಾತ, ಕಫ, ಮೇದಸ್ಸುಗಳಿಂದುಂಟಾಗುವ ಮೂರು ಬಗೆಯ ಗಳಗಂಡದ ನಿರೂಪಣೆಯೂ ಬರುತ್ತದೆ. ಆದರೆ ಒಂದು ಮತ್ತೊಂದಕ್ಕೆ ಕಾರಣವಾಗಬಹುದೆಂಬ ಮಾತು ಆ ಅಧ್ಯಾಯಗಳಲ್ಲಿಲ್ಲ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂಬ ಉತ್ಸಾಹದಿಂದ ಇಲ್ಲದುದನ್ನು ಅವರ ಬಾಯಲ್ಲಿ ನುಡಿಸುವುದು ಶಾಸ್ತ್ರಗೌರವವಲ್ಲ.

ಈ ಗ್ರಂಥಿಗೆ ಥೈರಾಯ್ಡ್ ಎಂದು 1656ರಲ್ಲಿ ಹೆಸರಿಟ್ಟವನು ವಾರ್ಟನ್ ಎಂಬ ಆಂಗ್ಲ ವೈದ್ಯನು. ಗ್ರೀಕರ ಗುರಾಣಿಯೇ ಆ ಶಬ್ದದ ಮೂಲ. ಕನ್ನಡದ 'ಗುರಾಣಿಕಗ್ರಂಥಿ'ಯು ಅದರ ಅನುವಾದ. ಇದು ಸ್ರವಿಸುವ ಥೈರಾಕ್ಸಿನ್ ಎಂಬ ರಸಕ್ಕೆ ಅಯೋಡಿನ್ನು ಅತ್ಯಾವಶ್ಯಕ. ಗರ್ಭಸ್ಥ ಶಿಶುವಿನ ಗ್ರಂಥಿಯು ಸುಮಾರು ಹದಿನೆಂಟು ಇಪ್ಪತ್ತು ವಾರಗಳವರೆಗೆ ತನಗೆ ಬೇಕಾದಷ್ಟು ರಸವನ್ನು ಒದಗಿಸಲಾರದು. ಅದುವರೆಗೆ ತಾಯಿಯೇ ಆಧಾರ. ಆದುದರಿಂದ ಗರ್ಭಿಣಿಗೆ ಅಯೋಡಿನ್ನು ದಿನಕ್ಕೆ 150 ಮೈಕ್ರೋಗ್ರಾಮಿಗೆ ಬದಲಾಗಿ 250ರಷ್ಟು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ. ತಾಯಿಯ ಗ್ರಂಥಿಯು ಸೋತು ಚಿಕಿತ್ಸೆಯೂ ಇಲ್ಲದಿದ್ದರೆ ಗರ್ಭನಾಶದ ಸಂಭವವು ಹೆಚ್ಚುತ್ತದೆ. ಕೊರಳು ಊದಿರಲೇಬೇಕೆಂಬ ನಿಯಮವಿಲ್ಲ. ಕಣ್ಣಿಗೆ ಕಾಣದ ಈ ದೋಷವನ್ನು ರಕ್ತಪರೀಕ್ಷೆಯೇ ತೋರಿಸಬೇಕು.

ಇಲ್ಲಿ ಒಂದು ವಿವೇಚನೆ ಅಗತ್ಯ. ತಾರ್ಕಿಕರು ಕುಂಬಾರನ ಕತ್ತೆಯನ್ನು ಉದಾಹರಿಸುವುದು ವಿದ್ವಾಂಸರಿಗೆ ವಿದಿತವೇ ಇದೆ: ಗಡಿಗೆಯಾಗುವಾಗ ಕತ್ತೆ ಹತ್ತಿರವಿದ್ದರೂ ಅದು ಗಡಿಗೆಗೆ ಕಾರಣವಲ್ಲ. ಕೆಲವು ಸ್ತ್ರೀಯರ ರಕ್ತದಲ್ಲಿ ತಮ್ಮ ಗ್ರಂಥಿಯನ್ನೇ ವಿರೋಧಿಸುವ ವಸ್ತುಗಳಿರುತ್ತವೆ. ಅಂಥವರಲ್ಲಿ ಗರ್ಭನಾಶ ಅಧಿಕವೆಂಬುದು ಕಂಡುಬಂದಿದೆ. ಆದರೆ ಗ್ರಂಥಿಯ ಕಾರ್ಯವು ಸರಿಯಾಗಿಯೇ ಇದ್ದ ಇಂಥ ಸ್ತ್ರೀಯರಿಗೆ ಥೈರಾಕ್ಸಿನ್ ಕೊಟ್ಟು ಬ್ರಿಟನ್ನಿನಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಜೀವಂತ ಪ್ರಸವವು ಔಷಧ ಪಡೆದವರಲ್ಲಿ ಶೇಕಡ 37.4, ಪಡೆಯದವರಲ್ಲಿ 37.9. ಸಾಹಚರ್ಯವಿದೆ; ಆದರೆ ಈ ಔಷಧದಿಂದ ಫಲವಿಲ್ಲ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳಲ್ಲಿ (1997ರವರೆಗೆ ಧಾರವಾಡ ಜಿಲ್ಲೆ, ಈಗ ಹಾವೇರಿ) ಈ ವಿವೇಚನೆಯು ಕೇವಲ ಪಾಂಡಿತ್ಯದ ವಿಷಯವಲ್ಲ. ಬಸಿರು ನಿಲ್ಲದಿದ್ದರೆ ಸೊಸೆಯ ನಡೆ, ದುಡಿತ, ಗ್ರಹಗತಿ ಎಲ್ಲವೂ ವಿಚಾರಣೆಗೆ ಬರುವುದು ನಮ್ಮ ನಾಡಿನ ಮನೆಗಳಲ್ಲಿ ಅಪೂರ್ವವಲ್ಲ. ಮೊದಲ ಮೂರು ತಿಂಗಳ ಸ್ರಾವಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅದರಲ್ಲಿ ಅವಳ ಅಪರಾಧವೇನೂ ಇಲ್ಲ. ಉಳಿದವುಗಳಲ್ಲಿ ಪರಿಹಾರ್ಯವಾದುದನ್ನು ಹುಡುಕಬೇಕು. ಹಿಂದೆ ಪದೇ ಪದೇ ಗರ್ಭ ಕಳೆದುಕೊಂಡವರಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕೆಂದು ಭಾರತ ಸರಕಾರದ 2014ರ ಮಾರ್ಗಸೂಚಿಯು ವಿಧಿಸಿದೆ. ದೋಷ ಕಂಡರೆ ಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಕೊಡುತ್ತಾರೆ. ಬಸುರಿಯರಿಗೆ ಹಂಚುವ ಕಬ್ಬಿಣದ ಮಾತ್ರೆಯು ಅದರ ಹೀರಿಕೆಯನ್ನು ತಡೆಯುವುದರಿಂದ ಎರಡರ ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು. ಒಟ್ಟಿಗೆ ನುಂಗಿದರೆ ಮೊದಲಿನದರ ಗುಣವು ಕುಂದುತ್ತದೆ.