ಗೀಗೀ ಮೇಳದಲ್ಲಿ ಚವದಾರ್ ಕೆರೆ

ಏಪ್ರಿಲ್ 14 ಡಾ. ಬಿ.ಆರ್. ಅಂಬೇಡ್ಕರ್ ಹುಟ್ಟಿದ ದಿನ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಹೋರಾಟದ ಕಥೆಯೊಂದನ್ನು ಜನರೆದುರು ನಿಂತು ಹಾಡಲು ತಲೆಮಾರುಗಳಿಂದ ಬಂದ ರೂಪ ಗೀಗೀ ಪದ. ಆ ದಿನದ ಜಯಂತಿಯ ವೇದಿಕೆಗೆ ಅದು ತುಂಬ ಚೆನ್ನಾಗಿ ಒಗ್ಗುತ್ತದೆ.

ಮೇಳ ದೊಡ್ಡದಲ್ಲ. ಮುಂದೆ ನಿಂತು ಹಾಡುವವರ ಕೈಯಲ್ಲಿ ಡಪ್ಪು ಇರುತ್ತದೆ. ಇದು ಮರದ ಬಳೆಗೆ ತೊಗಲು ಬಿಗಿದ ವಾದ್ಯ. ಸಂಜೆಯ ತಂಪಿಗೆ ತೊಗಲು ಸಡಿಲವಾದರೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಹಿಂದೆ ತಾಳ ಮತ್ತು ತುಂತುಣಿ. ಟೊಳ್ಳು ಮರದ ತಳಕ್ಕೆ ತೊಗಲು ಹೊದಿಸಿ, ಅದರ ನಡುವಿನಿಂದ ಬಿದಿರ ಕೋಲಿಗೆ ಒಂದೇ ತಂತಿ ಎಳೆದು ಕಟ್ಟಿದರೆ ತುಂತುಣಿ. ಮಹಾರಾಷ್ಟ್ರದಲ್ಲಿ ಅಂಬೇಡ್ಕರ್ ವಿಚಾರವನ್ನು ಊರೂರಿಗೆ ಒಯ್ದ ಜಲಸಾ ಮೇಳಗಳ ವಾದ್ಯಗಳೂ ಇವುಗಳ ಬಳಗದವೇ. 1956ರವರೆಗೆ ಈ ಸೀಮೆಯೂ ಮುಂಬಯಿ ಆಡಳಿತಕ್ಕೇ ಸೇರಿತ್ತು.

ಪದ ಕಟ್ಟುವ ಕವಿ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ ಕಥೆಯನ್ನು ಎತ್ತಿಕೊಂಡನೆನ್ನಿ. ಸಾರ್ವಜನಿಕ ಕೆರೆ-ಬಾವಿಗಳು ಎಲ್ಲರಿಗೂ ಸೇರಿದವು ಎಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯಿಸಿತ್ತು. ಆದರೂ ದಲಿತರಿಗೆ ನೀರು ದಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ಆ ಕೆರೆಯ ನೀರು ಕುಡಿದರು. ಇಸವಿ, ಊರು, ನಿರ್ಣಯ ಎಲ್ಲವೂ ಪ್ರಾಸಕ್ಕೆ ಹೊಂದಿಕೊಂಡು, ಸುಳ್ಳಾಗದೆ, ಹಾಡಿನೊಳಗೆ ಬರಬೇಕು. ಇದು ಕಷ್ಟದ ಕೆಲಸ. ಒಣ ಕಾಗದದ ಮಾತು ಕಿವಿಯಲ್ಲಿ ಉಳಿಯುವುದು ಹೀಗೆ ಹಾಡಾದಾಗಲೇ.

ಮೊದಲು ಪಲ್ಲ, ಕಥೆ ಯಾವುದೆಂದು ಅದು ಸಾರುತ್ತದೆ. ಮುಂದೆ ನುಡಿಗಳಲ್ಲಿ ಕಥೆ ನಡೆಯುತ್ತದೆ. ಜನ ಕೆರೆಯತ್ತ ಹೊರಟಾಗ ಹಾಡು ಚಾಲಕ್ಕೆ ತಿರುಗುತ್ತದೆ. ಚಾಲವೆಂದರೆ ಓಟದ ಗತಿ. ಮಾತು ಒತ್ತಾಗಿ ಬೀಳುತ್ತದೆ, ಡಪ್ಪಿನ ಪೆಟ್ಟೂ ಚುರುಕಾಗುತ್ತದೆ. ನೀರಿಗೆ ಕೈ ಚಾಚುವ ಗಳಿಗೆಗೆ ಏರು: ದನಿ ಮೇಲಿನ ಸ್ಥಾಯಿಗೆ ಹೋಗಿ ಅಲ್ಲೇ ನಿಲ್ಲಬೇಕು. ಉಸಿರು ಮುಗಿಯುವ ಹೊತ್ತಿಗೆ ಹಿಮ್ಮೇಳದವರು 'ಗೀ ಗೀ' ಎಂದು ಎತ್ತಿಕೊಂಡು ಶ್ರುತಿ ಬೀಳದಂತೆ ಹಿಡಿಯುತ್ತಾರೆ. ಮುಂದಿನ ಸಾಲನ್ನು ಹಾಡುಗಾರ ನೆನೆಯುವುದು ಆ ಒಂದೆರಡು ಕ್ಷಣಗಳಲ್ಲಿ. ಕೈಯಲ್ಲಿ ಕಾಗದವಿರುವುದಿಲ್ಲ. ಕೇಳುಗರು ಚಪ್ಪಾಳೆ ತಟ್ಟಿದರೆ ಸಾಲನ್ನು ಮರಳಿಸಬೇಕು, ಗದ್ದಲವಾದರೆ ಹೊಸದೊಂದು ನುಡಿಯನ್ನು ಅಲ್ಲೇ ಕಟ್ಟಬೇಕು. ಪರಸ್ಪರ ಎದುರಾಗಿ ಹಾಡುವ ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬಿನಲ್ಲಿ ಪಳಗಿದವರಿಗೆ ಈ ಚುರುಕು ಸಹಜವಾಗಿ ಬರುತ್ತದೆ.

ಕನ್ನಡದಲ್ಲಿ ಹೋರಾಟವನ್ನು ಹಾಡುವ ಬೇರೆ ಬಗೆಯೂ ಇದೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹೋರಾಟದ ಹಾಡುಗಳು ಹುಟ್ಟಿದವು. 1975ರಲ್ಲಿ ಕವಿ ಸಿದ್ಧಲಿಂಗಯ್ಯನವರ ಸಂಕಲನ 'ಹೊಲೆಮಾದಿಗರ ಹಾಡು' ಬಂತು. ಆ ಹೋರಾಟದ ಹಾಡುಗಳ ಗತಿ ಬೇರೆ, ಒಟ್ಟಾಗಿ ಹಾಡಿ ನಡೆಯುವಂಥದ್ದು. ಗೀಗೀ ಪದ ಕೇಳುಗರನ್ನು ಕೂರಿಸಿ ಕಥೆಯ ಕೊನೆಯವರೆಗೆ ಕರೆದೊಯ್ಯುತ್ತದೆ. ಮಹಾಡದ ಕಥೆಗೆ ಆ ಕೊನೆ ಬಂದದ್ದು 1937ರಲ್ಲಿ, ಮುಂಬಯಿ ಹೈಕೋರ್ಟು ಆ ಕೆರೆಯ ನೀರಿನ ಮೇಲೆ ದಲಿತರಿಗಿದ್ದ ಹಕ್ಕನ್ನು ಎತ್ತಿಹಿಡಿದಾಗ. ಇಳುವಿನಲ್ಲಿ ದನಿ ತಗ್ಗಿಸಿ ಅದನ್ನು ಹೇಳಿ, ಊರು ಮತ್ತು ಕವಿಯ ಹೆಸರಿನ ಅಂಕಿತದೊಂದಿಗೆ ಪದ ಮುಗಿಯುತ್ತದೆ.

ಜಯಂತಿ ನಡೆಸುವವರಲ್ಲಿ ಒಂದು ವಿನಂತಿ: ಮೇಳವನ್ನು ಕರೆಸಿದರೆ ಎರಡು ಭಾಷಣಗಳ ನಡುವೆ ಐದು ನಿಮಿಷ ಕೊಟ್ಟು ಇಳಿಸಬೇಡಿ. ಪಲ್ಲದಿಂದ ಅಂಕಿತದವರೆಗೆ ಇಡೀ ಪದ ಹಾಡಲು ಬಿಡಿ.