ಹಳೆಯ ಗಣಕಕ್ಕೆ ಹೊಸ ನೆನಪು

ಮನೆಯ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ನಿಧಾನವಾಯಿತೆಂದರೆ ಹೊಸದು ಬೇಕೆಂದು ಮಕ್ಕಳೂ, ಇನ್ನೊಂದೆರಡು ವರ್ಷ ನಡೆಯಲೆಂದು ಹಿರಿಯರೂ ವಾದಿಸುವುದುಂಟು. ಇಬ್ಬರಿಗೂ ಒಪ್ಪಿಗೆಯಾಗುವ ದಾರಿ, ಅದರ ರ‍್ಯಾಮ್ ಅಂದರೆ ನೆನಪನ್ನು ಹೆಚ್ಚಿಸುವುದು. ಆದರೆ ಹೊಸ ರ‍್ಯಾಮ್ ಪಟ್ಟಿಯನ್ನು ಕೂರಿಸಿ ಗುಂಡಿ ಒತ್ತಿದಾಗ ಕೆಲವೊಮ್ಮೆ ಫ್ಯಾನ್ ತಿರುಗುತ್ತದೆ, ತೆರೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಒಳಗಿನಿಂದ ಪೀಂ ಪೀಂ ಎಂಬ ಸದ್ದು ಬೇರೆ! ಕಂಪ್ಯೂಟರೇ ಹೋಯಿತೆಂದು ಮನೆಮಂದಿ ಗಾಬರಿಯಾಗುತ್ತಾರೆ. ಅನೇಕ ವೇಳೆ ಏನೂ ಹೋಗಿರುವುದಿಲ್ಲ. ನೆನಪು ಸಿಗುತ್ತಿಲ್ಲವೆಂದು ಗಣಕ ಕೊಡುವ ದೂರು ಅದು.

ಆಗ ಪ್ಲಗ್ ಕಿತ್ತು, ಹೊಸ ಪಟ್ಟಿಯನ್ನು ತೆಗೆದು, ಹಳೆಯದೊಂದನ್ನೇ ಹಾಕಿ ನೋಡಬೇಕು. ಕಂಪ್ಯೂಟರ್ ಎದ್ದರೆ ಮದರ್‌ಬೋರ್ಡ್ ಕ್ಷೇಮ. ಬಳಿಕ ಅದೇ ಸ್ಥಾನದಲ್ಲಿ ಹೊಸದೊಂದನ್ನೇ ಇಡಬೇಕು. ಆಮೇಲೆ ಪಕ್ಕದ ಸ್ಥಾನದಲ್ಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಪ್ರಯೋಗಶಾಲೆಯ ನಿಯಮ ಇಲ್ಲಿಗೂ ಸಲ್ಲುತ್ತದೆ. ಎರಡೂ ತುದಿಯ ಕೊಕ್ಕೆಗಳು ‘ಟಕ್’ ಎಂದು ಬೀಳುವವರೆಗೆ ಒತ್ತದಿದ್ದರೆ ಪಟ್ಟಿ ಅರ್ಧಂಬರ್ಧ ಕೂತಿರುತ್ತದೆ. ಹಳೆಯ ಪಟ್ಟಿಯ ಹೊಂಬಣ್ಣದ ಅಂಚು ಮಾಸಿದ್ದರೆ ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿದರೆ ಸಾಕು. ಮುಟ್ಟುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ಕೈ ತಾಗಿಸುವುದು ಒಳ್ಳೆಯದು. ಬಾಚಣಿಗೆ ಕಾಗದದ ಚೂರನ್ನು ಎತ್ತುವ ಆ ಸ್ಥಿರವಿದ್ಯುತ್ತೇ ಚಿಪ್ಪನ್ನು ಸುಡಬಲ್ಲದು.

ಪಟ್ಟಿ ಕೂರುವುದೇ ಇಲ್ಲವೆಂದರೆ ಜಾತಿ ಬೇರೆ ಎಂದರ್ಥ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ. ಆದರೆ ಮೊದಲನೆಯದಕ್ಕೆ 1.8 ವೋಲ್ಟ್, ಎರಡನೆಯದಕ್ಕೆ 1.5 ವೋಲ್ಟ್. ತಪ್ಪಿ ಒಂದರ ಜಾಗದಲ್ಲಿ ಇನ್ನೊಂದು ಹೋಗದಿರಲೆಂದೇ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಕೊರೆದಿದ್ದಾರೆ. ಬಲಪ್ರಯೋಗ ಸಲ್ಲದು.

ಎಲ್ಲ ಸರಿಯಿದ್ದೂ ಏಳದ ಪ್ರಸಂಗಗಳೇ ನಿಜವಾದ ಒಗಟು. 2008ರ ಸುಮಾರಿಗೆ ಬಂದ ಇಂಟೆಲ್ ಜಿ41 ಚಿಪ್‌ಸೆಟ್ಟಿನ ಬೋರ್ಡುಗಳನ್ನೇ ನೋಡಬಹುದು. ಇವುಗಳಲ್ಲಿ ಡಿಡಿಆರ್3 ತೆಗೆದುಕೊಳ್ಳುವ ಬೋರ್ಡಿಗೆ 4 ಜಿಬಿಯ ಪಟ್ಟಿ ತಂದರೆ ಒಂದು ನಡೆಯುತ್ತದೆ, ಇನ್ನೊಂದು ನಡೆಯುವುದಿಲ್ಲ! ಕಾರಣ ಸರಳ ಗುಣಾಕಾರದಲ್ಲಿದೆ. 8 ಬಿಟ್‌ಗೆ 1 ಬೈಟ್. ಆದ್ದರಿಂದ 4 ಜಿಬಿ ಎಂದರೆ 32 ಗಿಗಾಬಿಟ್. ಇದನ್ನು 2 ಗಿಗಾಬಿಟ್‌ನ 16 ಚಿಪ್ಪುಗಳಿಂದಲೂ ಮಾಡಬಹುದು, 4 ಗಿಗಾಬಿಟ್‌ನ 8 ಚಿಪ್ಪುಗಳಿಂದಲೂ ಮಾಡಬಹುದು. ಜಿ41 ಬಲ್ಲದ್ದು 2 ಗಿಗಾಬಿಟ್‌ವರೆಗೆ ಮಾತ್ರ. ಹೊಸ ಕಾಲದ 8 ಚಿಪ್ಪಿನ ಪಟ್ಟಿಯನ್ನು ಅದು ಸರಿಯಾಗಿ ಗುರುತಿಸಲಾರದು. ಎರಡೂ ಬದಿಗೆ ಎಂಟೆಂಟು ಚಿಪ್ಪಿರುವ ಹಳೆಯ ಪಟ್ಟಿಯೇ ಬೇಕು. ಅಂಗಡಿಯವರಲ್ಲಿ ಎಲ್ಲರೂ ಇದನ್ನು ಹೇಳುವುದಿಲ್ಲ. ಬೋರ್ಡಿನ ಹೆಸರು, ಮಾದರಿ ಸಂಖ್ಯೆ ಬರೆದುಕೊಂಡು ಹೋಗಿ, ಹೊಂದದಿದ್ದರೆ ಬದಲಿಸಿಕೊಡುವ ಮಾತು ಪಡೆದೇ ಹಣ ಕೊಡುವುದು ಜಾಣತನ.

ಇನ್ನು, 4 ಜಿಬಿ ಹಾಕಿದರೂ ವಿಂಡೋಸ್ 3.25 ಜಿಬಿ ಎಂದು ತೋರಿಸಿದರೆ ಅಂಗಡಿಯವನ ಮೋಸವಲ್ಲ. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳು 4,29,49,67,296 ಮಾತ್ರ. ಅದರಲ್ಲೇ ಒಂದು ಪಾಲು ಗ್ರಾಫಿಕ್ಸ್ ಮುಂತಾದ ಸಾಧನಗಳಿಗೆ ಮೀಸಲು. ಪೂರ್ತಿ ಬೇಕಾದರೆ 64 ಬಿಟ್‌ನ ವ್ಯವಸ್ಥೆ ಹಾಕಬೇಕು. ಪ್ರೊಸೆಸರ್, ಬೋರ್ಡು ಎರಡೂ ಅದಕ್ಕೆ ಒದಗಬೇಕು.

ಹೆಚ್ಚು ಅಪಾಯದ್ದು, ಕೆಲಸ ಮಾಡುತ್ತಲೇ ತಪ್ಪುವ ರ‍್ಯಾಮ್. ಇದರ ಪ್ರತಿ ಬಿಟ್ ಒಂದು ಪುಟ್ಟ ಕೆಪಾಸಿಟರಿನಲ್ಲಿನ ವಿದ್ಯುದಂಶ. ಅದು ಸೋರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ಎಲ್ಲೋ ಒಂದು ಕೋಶ ಕೆಟ್ಟಿದ್ದರೆ ತಪ್ಪು ಬಿಟ್ ಹಾರ್ಡ್‌ಡಿಸ್ಕಿಗೂ ಹೋಗಿ, ವರ್ಷವಿಡೀ ಟೈಪ್ ಮಾಡಿದ ಪ್ರಾಜೆಕ್ಟ್ ವರದಿ ತೆರೆಯದಂತಾಗಬಹುದು. ಆದ್ದರಿಂದ ಕ್ಯಾಬಿನೆಟ್ ಬಿಚ್ಚುವ ಮೊದಲೇ ಮಕ್ಕಳ ಕಡತಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ಹೊಸ ರ‍್ಯಾಮ್ ಕೂತ ರಾತ್ರಿ ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ಬೆಳಗಿನವರೆಗೆ ಓಡಿಸಿ, ಒಂದೇ ಒಂದು ದೋಷ ಕಂಡರೂ ರಸೀದಿ ಸಮೇತ ಪಟ್ಟಿಯನ್ನು ಅಂಗಡಿಗೆ ಮರಳಿಸಬೇಕು.